ಬೂಕನಕೆರೆಗೆ ಬಂದ ನ್ಯೂಟ್



ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆ ಹೋಬಳಿಯಲ್ಲಿ ಬಹುಕಾಲ ವಿಜ್ಞಾನ ಪಾಠ ಹೇಳಿದವನು ನಾನು. ನಿವೃತ್ತಿಯಾದ ಮೇಲೂ ಮಕ್ಕಳು ಬಾಟಲಿಯಲ್ಲೋ ಡಬ್ಬಿಯಲ್ಲೋ ಏನಾದರೊಂದು ಜೀವ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಬೇಸಗೆ ರಜೆಯಲ್ಲಿ ಹಾಗೆ ಬಂದ ಒಂದು ಪ್ರಾಣಿಯ ವಿಚಾರವನ್ನೇ ಇವತ್ತು ಮಾತಾಡುತ್ತೇನೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂದೆಯೊಬ್ಬರು ಮಗಳ ಹುಟ್ಟುಹಬ್ಬಕ್ಕೆಂದು ಅಕ್ವೇರಿಯಂ ಅಂಗಡಿಯಿಂದ ಅದನ್ನು ಕೊಂಡು ಊರಿಗೆ ತಂದಿದ್ದರು. ತೋರುಬೆರಳಿನಷ್ಟು ಉದ್ದ, ಕಪ್ಪು ಬೆನ್ನು, ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಬಾಲ. ಅಂಗಡಿಯವರು ಹೆಸರು ಹೇಳಿರಲಿಲ್ಲ. ಮೀನು ನೋಡಿಕೊಂಡ ಹಾಗೆಯೇ ನೋಡಿಕೊಂಡರೆ ಸಾಕು ಅಂದಿದ್ದರಂತೆ. ಮನೆಯ ಅಜ್ಜಿ ಮಾತ್ರ ಒಪ್ಪಿರಲಿಲ್ಲ. “ಇದು ಇಸದ್ ಅಲ್ಲಿ ಕಣಪ್ಪ, ಮನೇಲಿ ಮಡಗಬ್ಯಾಡ” ಎಂದು ಹಟ ಹಿಡಿದಿದ್ದರು. ಹುಡುಗಿ ಅಳುತ್ತಾ ಡಬ್ಬಿ ಎತ್ತಿಕೊಂಡು ಬಂದಿದ್ದಳು. “ಮೇಷ್ಟ್ರೇ, ಇದು ಏನು ತಿನ್ನುತ್ತೆ? ಎರಡು ದಿನದಿಂದ ಏನೂ ತಿಂದಿಲ್ಲ” ಎಂಬುದು ಅವಳ ಪ್ರಶ್ನೆ.

ಏನು ತಿನ್ನುತ್ತದೆ ಎಂದು ಹೇಳಬೇಕಾದರೆ ಅದು ಏನು ಎಂಬುದು ಮೊದಲು ಗೊತ್ತಾಗಬೇಕು. ಹಲ್ಲಿ ಎಂದು ತಿಳಿದು ಬಿಸಿಲಿಗೆ ಇಟ್ಟರೆ ಅದು ಸಾಯುತ್ತದೆ. ಮೀನು ಎಂದು ತಿಳಿದು ಅಂಚಿನವರೆಗೆ ನೀರು ತುಂಬಿ ಮುಚ್ಚಳವಿಲ್ಲದೆ ಬಿಟ್ಟರೆ ರಾತ್ರಿ ಹೊರಗೆ ಹತ್ತಿ ಬಂದು ಎಲ್ಲೋ ಮೂಲೆಯಲ್ಲಿ ಒಣಗಿ ಸಾಯುತ್ತದೆ. ಗುರುತು ಹಿಡಿಯುವುದರಿಂದಲೇ ಆರೈಕೆ ಶುರುವಾಗುವುದು ಎಂದು ನಾನು ಹೇಳುವುದು ಇದಕ್ಕೆ.

ಅದನ್ನು ಕೈಗೆತ್ತಿಕೊಳ್ಳಬೇಕಾಗಿಲ್ಲ, ಗಾಜಿನ ಆಚೆಯಿಂದಲೇ ನೋಡಿದರೆ ಸಾಕು. ನಾನೂ ಆ ಹುಡುಗಿಯೂ ಹಾಗೇ ಕೂತು ನೋಡಿದೆವು. ಮೈಮೇಲೆ ಹುರುಪೆ ಇದೆಯೇ? ಹಲ್ಲಿಗೂ ಹಾವುರಾಣಿಗೂ ಓತಿಕೇತಕ್ಕೂ ಹುರುಪೆ ಇರುತ್ತದೆ. ಇದಕ್ಕಿಲ್ಲ, ಕಪ್ಪೆಯದರಂಥ ಒದ್ದೆ ಚರ್ಮ. ಬೆರಳ ತುದಿಯಲ್ಲಿ ಉಗುರಿದೆಯೇ? ಇಲ್ಲ. ಕಣ್ಣಿನ ಹಿಂದೆ ಕಿವಿಯ ತೂತು? ಅದೂ ಇಲ್ಲ. ಆಮೇಲೆ ಅವಳಿಗೆ ಬೆರಳು ಎಣಿಸಲು ಹೇಳಿದೆ. ಅದು ಗಾಜಿಗೆ ಹೊಟ್ಟೆ ಒತ್ತಿ ಹತ್ತಲು ನೋಡುತ್ತಿತ್ತು, ಹಾಗಾಗಿ ನಾಲ್ಕೂ ಪಾದ ಚೆನ್ನಾಗಿ ಕಾಣುತ್ತಿದ್ದವು. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಐದು. ಹಲ್ಲಿಗಾದರೆ ನಾಲ್ಕೂ ಕಾಲಿಗೆ ಐದೈದು. ಹೊಟ್ಟೆಯ ತುಂಬ ಕೆಂಡದ ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆ, ಪಟ್ಟೆ. ಇಷ್ಟು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಅದು ನ್ಯೂಟ್. ಕಪ್ಪೆಯ ಹಾಗೆ ಉಭಯಚರ, ಆದರೆ ಬಾಲ ಉಳಿಸಿಕೊಂಡ ಗುಂಪಿಗೆ, ಸಾಲಮ್ಯಾಂಡರ್‌ಗಳ ಗುಂಪಿಗೆ ಸೇರಿದ್ದು.

ಉಭಯಚರಗಳಲ್ಲಿ ಮೂರು ಪಂಗಡ. ಬಾಲವಿಲ್ಲದ ಕಪ್ಪೆಗಳು ಒಂದು. ಕಾಲೇ ಇಲ್ಲದೆ ಎರೆಹುಳುವಿನಂತೆ ಮಣ್ಣೊಳಗೆ ಬಾಳುವ ಸಿಸಿಲಿಯನ್‌ಗಳು ಇನ್ನೊಂದು. ನಮ್ಮ ಪಶ್ಚಿಮಘಟ್ಟದಲ್ಲಿ ಇವು ಉಂಟು. 2004ರಲ್ಲಿ ಉಡುಪಿ ಜಿಲ್ಲೆಯ ಮುದೂರಿನಿಂದ ಒಂದು ಹೊಸ ಜಾತಿಯೇ ವಿಜ್ಞಾನಕ್ಕೆ ಗೊತ್ತಾಯಿತು. ಮೂರನೆಯದು ಬಾಲವೂ ಕಾಲೂ ಇರುವ ಸಾಲಮ್ಯಾಂಡರ್ ಮತ್ತು ನ್ಯೂಟ್‌ಗಳದು. ಇವು ಕರ್ನಾಟಕದಲ್ಲಿ ಸಹಜವಾಗಿ ಎಲ್ಲೂ ಇಲ್ಲ. ದಕ್ಷಿಣ ಭಾರತದಲ್ಲೇ ಇಲ್ಲ. ಭಾರತದಲ್ಲಿ ಇವನ್ನು ಕಾಡಿನಲ್ಲಿ ನೋಡಬೇಕಾದರೆ ಪೂರ್ವ ಹಿಮಾಲಯಕ್ಕೂ ಈಶಾನ್ಯದ ಬೆಟ್ಟಗಳಿಗೂ ಹೋಗಬೇಕು. ಡಾರ್ಜಿಲಿಂಗ್ ಹತ್ತಿರ ಜೋರ್‌ಪೋಖ್ರಿ ಎಂಬ ಪುಟ್ಟ ವನ್ಯಧಾಮವಿದೆ. ನಾಲ್ಕು ಹೆಕ್ಟೇರಿನಷ್ಟು ಜಾಗ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರ. ಹಿಮಾಲಯದ ನ್ಯೂಟ್ ಅಲ್ಲಿಯ ಹೆಸರಾಂತ ಜೀವಿ. ಮಳೆ ಶುರುವಾಗುವ ಹೊತ್ತಿಗೆ ಕೊಳಕ್ಕೆ ಇಳಿದು ಮೊಟ್ಟೆಯಿಡುತ್ತದೆ, ಚಳಿಗಾಲವನ್ನು ಕಲ್ಲು ದಿಮ್ಮಿಗಳ ಕೆಳಗೆ, ಮಣ್ಣಿನ ಸಂದಿಯಲ್ಲಿ ಕಳೆಯುತ್ತದೆ. ಇದನ್ನು ಬಹುಕಾಲ 1871ರಲ್ಲಿ ಯುನ್ನಾನ್‌ನಿಂದ ವರ್ಣಿಸಲಾದ ಜಾತಿಯೆಂದೇ ಎಣಿಸಿದ್ದರು. 2015ರಲ್ಲಿ ಪೂರ್ವ ನೇಪಾಳದ ಮಾದರಿಗಳನ್ನು ಪರೀಕ್ಷಿಸಿ ಹಿಮಾಲಯದ್ದು ಬೇರೆಯೇ ಜಾತಿ ಎಂದು ಹೆಸರಿಟ್ಟರು.

ಇಲ್ಲಿ ಒಂದು ಮಾತು ಮಕ್ಕಳಿಗಾಗಿ. ಮುಂಗಾರಿನಲ್ಲಿ ಗದ್ದೆ ಬದುವಿನ ನೀರಿನಿಂದ ನಾಲ್ಕು ಕಾಲು, ಒಂದು ಬಾಲ ಇರುವ ಒದ್ದೆ ಮೈಯ ಮರಿ ಸಿಕ್ಕಿತೆನ್ನಿ. ಅದು ನ್ಯೂಟ್ ಅಲ್ಲ, ಕಪ್ಪೆಯಾಗುತ್ತಿರುವ ಗೊದಮೊಟ್ಟೆ. ಗೊದಮೊಟ್ಟೆಗೆ ಮೊದಲು ಹಿಂಗಾಲು ಮೂಡುತ್ತದೆ, ಮುಂಗಾಲು ಚರ್ಮದ ಮರೆಯಲ್ಲೇ ಬೆಳೆದು ಕೊನೆಗೆ ಹೊರಬರುತ್ತದೆ. ನ್ಯೂಟ್ ಮರಿಗೆ ಇದು ಹಿಂದುಮುಂದು: ಮೊದಲು ಮುಂಗಾಲು, ಆಮೇಲೆ ಹಿಂಗಾಲು. ನ್ಯೂಟ್ ಮರಿಯ ಕುತ್ತಿಗೆಯ ಎರಡೂ ಬದಿಗೆ ಗರಿಯಂಥ ಕಿವಿರು ಹೊರಗೇ ಚಾಚಿಕೊಂಡಿರುತ್ತದೆ, ಕಾಲು ಬಲಿತ ಗೊದಮೊಟ್ಟೆಗೆ ಅದು ಒಳಗೆ ಅಡಗಿರುತ್ತದೆ. ಬಾಲವಿರುವ ಕಪ್ಪೆಮರಿ ಬಾಟಲಿಗೆ ಬಂದುಬಿಟ್ಟಿದ್ದರೆ ನೀರಿನಿಂದ ಮೇಲೆ ಏಳುವಂಥ ಒಂದು ಕಲ್ಲನ್ನಾದರೂ ಇಡಿ. ಆ ಹಂತದಲ್ಲಿ ಅದು ಗಾಳಿಯಲ್ಲಿ ಉಸಿರಾಡಲು ತೊಡಗಿರುತ್ತದೆ, ಹತ್ತಿ ಕೂರಲು ಜಾಗವಿಲ್ಲದಿದ್ದರೆ ನೀರಿನಲ್ಲೇ ಮುಳುಗಿ ಸಾಯುತ್ತದೆ. ಇನ್ನೂ ಒಳ್ಳೆಯದು, ಅದೇ ಸಂಜೆ ಹಿಡಿದ ಗದ್ದೆಗೇ ಒಯ್ದು ಬಿಡುವುದು.

ಅಂಗಡಿಯಿಂದ ಬರುವ ಬಾಲದ ಉಭಯಚರಗಳಿಗೆ ಬರೋಣ. ಎಲ್ಲವೂ ಒಂದೇ ಅಲ್ಲ. ತಿಳಿಗುಲಾಬಿಯೋ ಬಿಳಿಯೋ ಕಪ್ಪೋ ಮೈಬಣ್ಣ, ದೊಡ್ಡ ತಲೆ, ಕತ್ತಿನ ಎರಡೂ ಕಡೆ ಮೂರು ಮೂರು ಗರಿ ಕಿವಿರು, ಗೇಣುದ್ದಕ್ಕೆ ಬೆಳೆಯುವ ದೇಹ ಇದ್ದರೆ ಅದು ಆಕ್ಸೊಲಾಟಲ್. ಮೆಕ್ಸಿಕೋ ನಗರದ ಅಂಚಿನ ಶೊಚಿಮಿಲ್ಕೊ ಕಾಲುವೆಗಳು ಅದರ ತವರು. ಜೀವಮಾನವಿಡೀ ಮರಿಯ ರೂಪದಲ್ಲೇ, ನೀರಿನಲ್ಲೇ ಉಳಿಯುತ್ತದೆ. ಕಳೆದುಕೊಂಡ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಅದರ ಶಕ್ತಿಯಿಂದಾಗಿ ಪ್ರಪಂಚದ ಪ್ರಯೋಗಾಲಯಗಳಲ್ಲಿ ಸಾವಿರಾರು ಇವೆ. ತವರಿನಲ್ಲಿ ಮಾತ್ರ ಅಳಿವಿನ ಅಂಚಿಗೆ ಬಂದಿದೆ. ಬೆನ್ನಿನ ಎರಡೂ ಬದಿಗೆ ಸಾಲುಗಂಟು, ಒರಟು ಚರ್ಮ ಇದ್ದರೆ ಅದು ಮೊಸಳೆ ನ್ಯೂಟ್, ನಮ್ಮ ಹಿಮಾಲಯದ್ದರ ಬಳಗ. ಕಪ್ಪು ಬೆನ್ನು, ಕೆಂಡದ ಹೊಟ್ಟೆ ಇದ್ದರೆ ಬೆಂಕಿಹೊಟ್ಟೆಯ ನ್ಯೂಟ್. ಇದರಲ್ಲಿ ಚೀನಾದ್ದು ಚಿಕ್ಕದು, ನುಣುಪು ಮೈಯದು. ಜಪಾನಿನದ್ದು ಸ್ವಲ್ಪ ದೊಡ್ಡದು, ತರಿತರಿ ಚರ್ಮ, ಕಣ್ಣಿನ ಹಿಂದೆ ಗ್ರಂಥಿ ಉಬ್ಬಿಕೊಂಡು ಕಾಣುತ್ತದೆ. ಹುಡುಗಿಯ ಡಬ್ಬಿಯಲ್ಲಿದ್ದದ್ದು ಚೀನಾದ್ದು. ಹೊಟ್ಟೆಯ ಚುಕ್ಕೆಗಳ ಬರಹ ಒಂದರಂತೆ ಇನ್ನೊಂದಕ್ಕಿರುವುದಿಲ್ಲ, ಆದ್ದರಿಂದ ಒಂದು ಫೋಟೋ ತೆಗೆದಿಟ್ಟುಕೊಂಡರೆ ನಿಮ್ಮ ನ್ಯೂಟನ್ನು ಎಂದಾದರೂ ಗುರುತಿಸಬಹುದು.

ಅಜ್ಜಿ ಹೇಳಿದ ವಿಷದ ಮಾತನ್ನೂ ತಳ್ಳಿಹಾಕಬಾರದು. ಬೆಂಕಿಹೊಟ್ಟೆಯ ನ್ಯೂಟಿನ ಚರ್ಮದಲ್ಲಿ ನಿಜವಾಗಿಯೂ ವಿಷವಿದೆ. ಕೆಲವು ಸಮುದ್ರಮೀನುಗಳಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ನಂಜೇ ಅದು. ನ್ಯೂಟ್ ಕಚ್ಚಿ ವಿಷ ಏರಿಸುವ ಪ್ರಾಣಿಯಲ್ಲ. ಮುಖ್ಯವಾಗಿ ತಿಂದವರಿಗೆ ಅಪಾಯ. ಆ ಕೆಂಪು ಹೊಟ್ಟೆ ಇರುವುದೇ ತಿನ್ನಬಂದವರಿಗೆ ಎಚ್ಚರಿಕೆ ಕೊಡಲು. ಆದ್ದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ. ಮುಟ್ಟಲೇಬೇಕಾಗಿ ಬಂದರೆ ಆಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು, ಅಲ್ಲಿಯವರೆಗೆ ಕಣ್ಣು, ಬಾಯಿ, ಗಾಯ ಮುಟ್ಟಿಕೊಳ್ಳಬಾರದು. ಬೆಕ್ಕು, ನಾಯಿ, ಕೋಳಿ ಓಡಾಡುವ ಕಡೆ ತೊಟ್ಟಿ ಇಡಬಾರದು. ಮುಟ್ಟದಿರುವುದು ನ್ಯೂಟಿನ ಹಿತಕ್ಕೂ ಒಳ್ಳೆಯದು, ನಮ್ಮ ಅಂಗೈಯ ಬಿಸಿ, ಉಪ್ಪು, ಎಣ್ಣೆ ಅದರ ಚರ್ಮ ತಾಳುವುದಿಲ್ಲ.

ನಮ್ಮ ಊರಿನಲ್ಲಿ ನ್ಯೂಟಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿ. ಬೆಂಕಿಹೊಟ್ಟೆಯ ನ್ಯೂಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್‌ನ ನೀರು ಹಿತ. ಆಕ್ಸೊಲಾಟಲ್‌ಗೆ ಇನ್ನೂ ತಣ್ಣಗಿದ್ದರೂ ಆದೀತು. 24 ದಾಟಿತೆಂದರೆ ಎರಡೂ ಕಷ್ಟಪಡುತ್ತವೆ. ಏಪ್ರಿಲ್ ತಿಂಗಳಲ್ಲಿ ಮಂಡ್ಯ ಜಿಲ್ಲೆಯ ಮಧ್ಯಾಹ್ನ 35 ಡಿಗ್ರಿ ದಾಟುವುದು ನಿಮಗೆ ಗೊತ್ತೇ ಇದೆ. ತಾರಸಿ ಮನೆಯ ಕೋಣೆಯಲ್ಲಿಟ್ಟ ಸಣ್ಣ ತೊಟ್ಟಿಯ ನೀರು ಸಂಜೆಯ ಹೊತ್ತಿಗೆ 30ಕ್ಕೆ ಹೋಗಿ ನಿಲ್ಲುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂನಷ್ಟು ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನೇ ಹಿಡಿದೀತು. ಅತ್ತ ತಣ್ಣೆತ್ತರಿನ ಪ್ರಾಣಿಯ ದೇಹ ಬಿಸಿಯಲ್ಲಿ ಹೆಚ್ಚು ಆಮ್ಲಜನಕ ಕೇಳುತ್ತದೆ. ಇತ್ತ ಕೊಳೆ ಬೇಗ ಕೊಳೆಯುತ್ತದೆ, ಬೂಷ್ಟು ಬೇಗ ಹಬ್ಬುತ್ತದೆ. ಹುಡುಗಿಯ ನ್ಯೂಟ್ ಊಟ ಬಿಟ್ಟಿದ್ದಕ್ಕೆ ಕಾರಣ ಇದೇ. ಡಬ್ಬಿಯನ್ನು ಟಿವಿ ಪಕ್ಕದಲ್ಲಿ, ಪಡುವಣ ಕಿಟಕಿಯ ಕೆಳಗೆ ಇಟ್ಟಿದ್ದರು.

ಮೊದಲ ಕೆಲಸ ಜಾಗ ಬದಲಿಸುವುದು. ಹಳೆಯ ಹೆಂಚಿನ ಮನೆಯ ನಡುಮನೆ, ಬಿಸಿಲು ತಾಗದ ಬಡಗಣ ಗೋಡೆಯ ಬುಡ, ನೆಲದ ಮೇಲೆಯೇ. ಮೇಲೆ ಕಪಾಟಿನಲ್ಲಿಡುವುದಕ್ಕಿಂತ ನೆಲ ತಂಪು. ಸಣ್ಣ ಡಬ್ಬಿಯ ಬದಲು 40 ಲೀಟರಿನಷ್ಟಾದರೂ ಹಿಡಿಯುವ ಗಾಜಿನ ತೊಟ್ಟಿ ಬೇಕು, ಹೆಚ್ಚು ನೀರು ನಿಧಾನವಾಗಿ ಬಿಸಿಯೇರುತ್ತದೆ. ತೊಟ್ಟಿಯ ಬಾಯಿಗೆ ಬಲೆಯ ಮುಚ್ಚಳ ಬಿಗಿದು, ನೀರಿನ ಮೇಲ್ಮೈಗೆ ಸಣ್ಣ ಟೇಬಲ್ ಫ್ಯಾನಿನ ಗಾಳಿ ಹಾಯಿಸಿದರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಒಣ ಬೇಸಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟಿಲ್ಲ. ತೀರಾ ಬಿಸಿಯಾದ ದಿನ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿದ ನೀರಿನ ಬಾಟಲಿಯನ್ನು ಮುಚ್ಚಳ ಸಹಿತ ತೇಲಿಬಿಡಬಹುದು. ಐಸನ್ನೇ ನೀರಿಗೆ ಸುರಿಯಬಾರದು, ಒಮ್ಮೆಗೇ ತಾಪ ಇಳಿದರೆ ಅದೂ ಆಘಾತವೇ. ಅಕ್ವೇರಿಯಂ ಥರ್ಮಾಮೀಟರಿಗೆ ಹೆಚ್ಚು ಬೆಲೆಯಿಲ್ಲ, ಅದೊಂದು ಇರಲೇಬೇಕು. ಇಷ್ಟು ಮಾಡಿಯೂ ನೀರು 24ರ ಕೆಳಗೆ ಇಳಿಯದಿದ್ದರೆ ತೊಟ್ಟಿಗೆಂದೇ ಮಾಡಿದ ಚಿಲ್ಲರ್ ಯಂತ್ರ ಬೇಕಾಗುತ್ತದೆ. ಅದರ ಬೆಲೆ ಪ್ರಾಣಿಯ ಬೆಲೆಗಿಂತ ಎಷ್ಟೋ ಪಟ್ಟು. ಕೊಳ್ಳುವ ಮೊದಲೇ ಯೋಚಿಸಬೇಕಾದ ಲೆಕ್ಕ ಇದು. ಸರಿಯಾಗಿ ನೋಡಿಕೊಂಡರೆ ಬೆಂಕಿಹೊಟ್ಟೆಯ ನ್ಯೂಟ್ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಒಂದನೇ ತರಗತಿಯ ಮಗು ಎಸ್ಸೆಸ್ಸೆಲ್ಸಿ ದಾಟುವವರೆಗೂ ಬೇಸಗೆ ಬೇಸಗೆಗೂ ಈ ತಂಪನ್ನು ಒದಗಿಸಬೇಕು.

ಇನ್ನು ನೀರಿನ ಗುಣ. ಉಭಯಚರಗಳು ಚರ್ಮದಿಂದಲೂ ಉಸಿರಾಡುತ್ತವೆ, ಚರ್ಮದಿಂದಲೇ ನೀರು ಹೀರುತ್ತವೆ. ನೀರಿನಲ್ಲಿ ಏನಿದೆಯೋ ಅದು ಅವುಗಳ ಮೈಯೊಳಗೂ ಇರುತ್ತದೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ ಅದು ಹಾರಿಹೋಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಎರಡು ಹನಿ ಹಾಕಿದರೆ ಇನ್ನೂ ನಿಶ್ಚಿಂತೆ. ಬೋರ್‌ವೆಲ್ ನೀರನ್ನೂ ತಕ್ಷಣ ಸುರಿಯದೆ ಗಾಳಿಯಾಡಲು ಬಿಡಿ. ತಾಮ್ರದ ಹಂಡೆ, ಕೊಡಗಳಲ್ಲಿಟ್ಟ ನೀರು ನಮಗೆ ಒಳ್ಳೆಯದೆಂದು ಹೇಳುತ್ತಾರೆ. ನ್ಯೂಟಿಗೆ ತಾಮ್ರ ವಿಷ. ತೊಟ್ಟಿಯನ್ನು ಸೋಪಿನಲ್ಲಿ ತೊಳೆಯಬೇಡಿ. ಅದರ ಹತ್ತಿರ ಸೊಳ್ಳೆ ಕಾಯಿಲ್, ಲಿಕ್ವಿಡ್ ಮೆಷಿನ್, ಜಿರಲೆ ಸ್ಪ್ರೇ ಯಾವುದೂ ಬೇಡ. ಬೆಳೆಗೆ ಔಷಧಿ ಹೊಡೆದು ಬಂದ ಕೈಯನ್ನು ಚೆನ್ನಾಗಿ ತೊಳೆಯದೆ ತೊಟ್ಟಿಗೆ ಅದ್ದಬೇಡಿ.

ಪ್ರಾಣಿಯ ಕೊಳೆಯಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳು ಸ್ಪಂಜಿನ ಫಿಲ್ಟರಿನಲ್ಲಿ ನೆಲೆಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ದಿನಾ ಸ್ವಲ್ಪ ಸ್ವಲ್ಪ, ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಪೂರ್ತಿ ನೀರು ಚೆಲ್ಲಿ, ಫಿಲ್ಟರನ್ನು ನಲ್ಲಿಯಡಿ ತಿಕ್ಕಿ ತೊಳೆಯುವ ಶುಚಿತ್ವ ಇಲ್ಲಿ ಕೆಲಸಕ್ಕೆ ಬಾರದು, ಉಪಕಾರ ಮಾಡುವ ಜೀವಿಗಳೂ ಅದರೊಂದಿಗೇ ಹೋಗುತ್ತವೆ. ನೀರಿನ ಹರಿವು ಮೆಲ್ಲಗಿರಲಿ. ಬೆಂಕಿಹೊಟ್ಟೆಯ ನ್ಯೂಟಿಗೆ ಹತ್ತಿ ಕೂರಲು ಚಪ್ಪಟೆ ಕಲ್ಲೋ ತೇಲುವ ಬೆಂಡಿನ ತೊಗಟೆಯೋ ಬೇಕು, ಆಕ್ಸೊಲಾಟಲ್‌ಗೆ ಬೇಡ. ತಳಕ್ಕೆ ಸಣ್ಣ ಜಲ್ಲಿಕಲ್ಲು ಹಾಸಬೇಡಿ. ಆಕ್ಸೊಲಾಟಲ್ ಬಾಯಿ ತೆರೆದು ಎದುರಿಗಿದ್ದದ್ದನ್ನೆಲ್ಲ ಎಳೆದುಕೊಳ್ಳುವ ಪ್ರಾಣಿ, ಕಲ್ಲು ಹೊಟ್ಟೆ ಸೇರಿ ಕಟ್ಟಿಕೊಳ್ಳುತ್ತದೆ. ಜೊತೆಗೆ ಗೋಲ್ಡ್‌ಫಿಶ್ ಬಿಡುವುದೂ ಬೇಡ, ಗರಿ ಕಿವಿರನ್ನು ಅವು ಕಚ್ಚಿ ಕೀಳುತ್ತವೆ.

ಹುಡುಗಿ ಕೇಳಿದ ಊಟದ ಪ್ರಶ್ನೆಗೆ ಉತ್ತರ ಸುಲಭ. ಇವು ಹುಟ್ಟಿನಿಂದಲೇ ಮಾಂಸಾಹಾರಿಗಳು. ಅನ್ನ, ಬ್ರೆಡ್ಡು, ಸೊಪ್ಪು ಮುಟ್ಟುವುದಿಲ್ಲ. ಮೀನಿನ ಕಾಳು ತಿಂಡಿಯನ್ನೂ ಎಷ್ಟೋ ಸಲ ಕಣ್ಣೆತ್ತಿ ನೋಡುವುದಿಲ್ಲ, ಎದುರಿಗೆ ಅಲುಗಾಡುವುದನ್ನೇ ಹಿಡಿಯುವ ಅಭ್ಯಾಸ. ಎರೆಹುಳುವನ್ನು ತೊಳೆದು, ನ್ಯೂಟಿನ ಬಾಯಿಗೆ ಹಿಡಿಸುವಷ್ಟು ತುಂಡು ಮಾಡಿ ಚಿಮಟದಲ್ಲಿ ಹಿಡಿದು ಮೆಲ್ಲಗೆ ಆಡಿಸಿದರೆ ತಲೆ ವಾಲಿಸಿ ನೋಡಿ ಗಬಕ್ಕನೆ ಕಚ್ಚುತ್ತದೆ. ಔಷಧಿ ಹಾಕಿದ ಕಬ್ಬಿನ ಗದ್ದೆಯ ಹುಳು ಬೇಡ, ಹಿತ್ತಿಲಿನ ತೇವದ ಮಣ್ಣಿನದು ಇರಲಿ. ಎರೆಗೊಬ್ಬರದ ಗುಂಡಿಯ ಕೆಂಪು ಹುಳು ಕಹಿ ರಸ ಬಿಡುತ್ತದೆ, ಕೆಲವು ನ್ಯೂಟ್ ಅದನ್ನು ಉಗಿದುಬಿಡುತ್ತವೆ. ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಆಗಬಹುದು, ಸೊಳ್ಳೆಯ ಮರಿಹುಳು ಸಂಭ್ರಮದ ಊಟ. ಬೆಳೆದ ನ್ಯೂಟಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ಉಳಿದದ್ದನ್ನು ಆಗಲೇ ತೆಗೆದುಬಿಡಬೇಕು. ಒಂದು ದಿನ ಅದು ತನ್ನ ಪೊರೆ ಕಳಚಿ ತಾನೇ ನುಂಗುವುದನ್ನು ಕಂಡರೆ ಗಾಬರಿ ಬೇಡ, ಅದು ಸಹಜ. ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು, ಬಾವು, ವಾರಗಟ್ಟಲೆ ಉಪವಾಸ, ನೀರಿನ ಮೇಲೆ ವಾಲಿಕೊಂಡು ತೇಲುವುದು, ಇವು ಕಾಯಿಲೆಯ ಲಕ್ಷಣ. ಅರಿಶಿನ ಗಿರಿಶಿನ ಹಚ್ಚಲು ಹೋಗದೆ ನೀರಿನ ತಾಪ ನೋಡಿ, ನೀರು ಬದಲಿಸಿ, ಪಶುವೈದ್ಯರನ್ನು ಕೇಳಿ. ನಮಗೆ ಹತ್ತಿರದ ಹಾಸನದಲ್ಲೂ ಬೆಂಗಳೂರಿನ ಹೆಬ್ಬಾಳದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಹಿಮಾಲಯದ ನ್ಯೂಟ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಅದನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ನಮ್ಮ ಕೆರೆಯ ಆಮೆ, ಹೊಲದಂಚಿನ ನಕ್ಷತ್ರ ಆಮೆಗಳನ್ನು ಅದೃಷ್ಟಕ್ಕೆಂದು ಮನೆಯಲ್ಲಿಟ್ಟುಕೊಳ್ಳುವುದೂ ಅಷ್ಟೇ ಅಪರಾಧ. ವಿದೇಶಿ ಪ್ರಾಣಿಗಳಲ್ಲಿ ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವವನ್ನು, ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಆಕ್ಸೊಲಾಟಲ್ ಆ ಪಟ್ಟಿಯಲ್ಲಿದೆ. ಮೊಸಳೆ ನ್ಯೂಟ್‌ಗಳ ಇಡೀ ಬಳಗ 2019ರಿಂದ ಇದೆ. ಯಾವ ಪ್ರಾಣಿ ಕೊಂಡರೂ ಜಾತಿಯ ಹೆಸರು ಬರೆದ ರಸೀದಿ ಕೇಳಿ ಪಡೆಯಿರಿ. ಹೆಸರು ಬರೆದುಕೊಡಲು ಒಪ್ಪದ ಕಡೆ ಕೊಳ್ಳಬೇಡಿ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಇನ್ನೊಂದಿದೆ. ಸಾಕಲು ಆಗಲಿಲ್ಲವೆಂದು ಈ ಪ್ರಾಣಿಯನ್ನು ಊರ ಕೆರೆಗೋ, ನಾಲೆಗೋ, ನಮ್ಮ ತಾಲ್ಲೂಕಿನವರೆಗೆ ಚಾಚಿರುವ ಕೃಷ್ಣರಾಜಸಾಗರದ ಹಿನ್ನೀರಿಗೋ ಬಿಡಬೇಡಿ. ನೀರಿನ ಜೀವವನ್ನು ನೀರಿಗೆ ಬಿಟ್ಟರೆ ಪುಣ್ಯವೆಂದು ಅನಿಸುವುದು ಸಹಜ. ಆದರೆ ಬಿಸಿಯಲ್ಲಿ ಅದು ನರಳಿ ಸಾಯುತ್ತದೆ, ಅದರ ಮೈಮೇಲಿನ ರೋಗ ಮಾತ್ರ ನೀರಿಗೆ ಇಳಿಯುತ್ತದೆ. 2010ರ ಸುಮಾರಿಗೆ ನೆದರ್‌ಲ್ಯಾಂಡ್ಸಿನ ಕಾಡುಗಳಲ್ಲಿ ಹಳದಿ ಕಪ್ಪು ಬಣ್ಣದ ಸಾಲಮ್ಯಾಂಡರ್‌ಗಳು ಕಾಣೆಯಾಗತೊಡಗಿದವು. ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಚರ್ಮವನ್ನು ಕೊರೆದು ತಿನ್ನುವ ಒಂದು ಶಿಲೀಂಧ್ರ ಕಾರಣವೆಂದು 2013ರಲ್ಲಿ ತಿಳಿಯಿತು. ಅದು ಏಷ್ಯಾದ ನ್ಯೂಟ್‌ಗಳ ಮೈಮೇಲೆ, ಅವುಗಳಿಗೆ ಹೆಚ್ಚು ತೊಂದರೆ ಕೊಡದೆ ಬಾಳುವಂಥದ್ದು. ಸಾಕುಪ್ರಾಣಿ ವ್ಯಾಪಾರದ ಜೊತೆ ಯುರೋಪಿಗೆ ಬಂದಿತ್ತು. ಆ ಹೆದರಿಕೆಯಿಂದಲೇ ಅಮೆರಿಕ 2016ರಲ್ಲಿ 201 ಜಾತಿಯ ಸಾಲಮ್ಯಾಂಡರ್‌ಗಳ ಆಮದು ನಿಲ್ಲಿಸಿತು. ಅದೇ ಬಳಗದ ಇನ್ನೊಂದು ಶಿಲೀಂಧ್ರ ಪ್ರಪಂಚದ ಎಷ್ಟೋ ಕಡೆ ಕಪ್ಪೆಗಳನ್ನು ಕೊಂದಿದೆ.

ನಮ್ಮಲ್ಲಿ ಕಳೆದುಕೊಳ್ಳಲು ಬಹಳ ಇದೆ. ಮೊದಲ ಮಳೆಗೆ ಮೈಯೆಲ್ಲ ಹಳದಿಯಾಗಿ, ಗಂಟಲಿನ ನೀಲಿ ಚೀಲ ಉಬ್ಬಿಸಿ ಕೂಗುವ ಗೋಂಕರುಗಪ್ಪೆ ನಮ್ಮ ಗದ್ದೆಯ ಹುಳು ತಿನ್ನುವ ಪ್ರಾಣಿ. ಕಾಲಿನ ಮಾಂಸಕ್ಕಾಗಿ ಇಂಥ ಕಪ್ಪೆಗಳನ್ನು ಲೆಕ್ಕವಿಲ್ಲದಷ್ಟು ಹಿಡಿಯುತ್ತಿದ್ದುದರಿಂದ 1987ರಲ್ಲಿ ಕೇಂದ್ರ ಸರ್ಕಾರ ಕಪ್ಪೆಕಾಲಿನ ರಫ್ತನ್ನೇ ನಿಷೇಧಿಸಬೇಕಾಯಿತು. ಇನ್ನು ಮಲೆನಾಡಿನ ಕಡೆ, ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ, ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ಕಪ್ಪೆಯಿದೆ. 2014ರಲ್ಲಿ ಅದಕ್ಕೆ ಕುಂಬಾರ ಎಂಬ ಹೆಸರನ್ನೇ ಕೊಟ್ಟರು. ಹೊರಗಿನ ರೋಗವೊಂದು ಇವುಗಳ ನೀರಿಗೆ ಸೇರಿದರೆ ವಾಪಸು ತೆಗೆಯುವ ದಾರಿಯಿಲ್ಲ. ಸಾಕಾಯಿತೆಂದು ಬಿಟ್ಟ ಸಕ್ಕರ್ ಮೀನು ದಕ್ಷಿಣದ ಎಷ್ಟೋ ಹೊಳೆ ಕೆರೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿರುವುದು ಕಣ್ಣೆದುರಿಗೇ ಇದೆ.

ತೊಟ್ಟಿಯ ಹಳೆಯ ನೀರನ್ನೂ ಇದೇ ಎಚ್ಚರದಿಂದ ಚೆಲ್ಲಬೇಕು. ಚರಂಡಿಗೆ, ನಾಲೆಗೆ ಬೇಡ. ಹರಿಯುವ ನೀರಿನಿಂದ ದೂರ, ಬಿಸಿಲು ಬೀಳುವ ಒಣ ನೆಲಕ್ಕೆ ಸುರಿಯಿರಿ. ಬಲೆ, ಕಲ್ಲು, ಬಕೆಟ್ಟುಗಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಕೆರೆಯಿಂದ ಗಿಡ, ಕಪ್ಪೆ, ಗೊದಮೊಟ್ಟೆ ತಂದು ಆ ತೊಟ್ಟಿಗೆ ಹಾಕಬೇಡಿ, ತೊಟ್ಟಿಯಿಂದ ಕೆರೆಗೂ ಏನನ್ನೂ ಒಯ್ಯಬೇಡಿ. ಪ್ರಾಣಿ ಸತ್ತರೆ ಆಳವಾಗಿ ಹೂಳಿ.

ಸಾಕಲು ಸಾಧ್ಯವೇ ಇಲ್ಲದವರು ಅದನ್ನು ಕೊಂಡ ಅಂಗಡಿಗೆ ವಾಪಸು ಕೊಡಬಹುದು, ತಂಪು ತೊಟ್ಟಿ ಇಟ್ಟುಕೊಂಡಿರುವ ಅನುಭವಿಗಳಿಗೆ ಒಪ್ಪಿಸಬಹುದು. ನೋಂದಾಯಿಸಬೇಕಾದ ಜಾತಿಯಾದರೆ ಕೈಬದಲಾದದ್ದನ್ನೂ ತಿಳಿಸಬೇಕು. ಯಾವ ಜಾತಿಯೆಂದೇ ಗೊತ್ತಾಗದಿದ್ದರೆ ಬೆನ್ನು, ಹೊಟ್ಟೆ, ಪಾದ, ಮೂರರ ಫೋಟೋ ತೆಗೆದು ಕೆ.ಆರ್. ಪೇಟೆಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೋ ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೋ ತೋರಿಸಿ. ಗುರುತು ಸಿಗುವವರೆಗೆ ತಂಪಾದ, ಕ್ಲೋರಿನ್ ಇಲ್ಲದ, ಎರಡು ಬೆರಳಿನಷ್ಟು ಆಳದ ನೀರು, ಮೇಲೇಳಲು ಒಂದು ಕಲ್ಲು, ಗಾಳಿಯಾಡುವ ಬಿಗಿ ಮುಚ್ಚಳ, ಇಷ್ಟಿದ್ದರೆ ಬೆಂಕಿಹೊಟ್ಟೆಯ ನ್ಯೂಟೂ ಮೊಸಳೆ ನ್ಯೂಟೂ ಕ್ಷೇಮವಾಗಿರುತ್ತವೆ. ಗರಿ ಕಿವಿರು ಕಂಡರೆ ಮಾತ್ರ ಬೆನ್ನು ಪೂರ್ತಿ ಮುಳುಗುವಷ್ಟು ನೀರು ಹಾಕಿ.